ಒಡೆದುಹಾಕಿದ ಕಾರು ಎತ್ತು ಕೊಂದದ್ದು

೧೯೪೯ರ ದಸರಾ ಮುಗಿದ ಹದಿನೈದು ದಿನಕ್ಕೆ ದೇವದುರ್ಗದ ನನ್ನ ಮನೆಗೆ ಪೊಲೀಸಿನವನೊಬ್ಬ ನೋಟೀಸು ತಂದ. ಆಯುಧಪೂಜೆಯ ದಿನ ನನ್ನ ಕಾರಿನ ನಂಬರಿದ್ದ ಗಾಡಿ ಕುರ್ಡಿ ಹಳ್ಳಿಯ ಹತ್ತಿರ ಒಂದು ಎತ್ತಿಗೆ ಗುದ್ದಿ, ನಿಲ್ಲದೆ ಓಡಿಹೋಯಿತಂತೆ. ಎತ್ತು ಸತ್ತಿತಂತೆ. ಸೋಮವಾರದೊಳಗೆ ರಾಯಚೂರಿಗೆ ಬಂದು ಉತ್ತರ ಕೊಡದಿದ್ದರೆ ಜೈಲಂತೆ.

ನನಗೆ ತಲೆ ಗಿರ್ರೆಂದಿತು. ಯಾವ ಕಾರು? ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಿಂತಲ್ಲೇ ತುಕ್ಕು ಹಿಡಿದ ಆ ದರಿದ್ರ ಕಾರನ್ನು ವರ್ಷದ ಕೆಳಗೆ ಮಾನ್ವಿಯ ಗುಜರಿ ಜಿಲಾನಿ ಪಾಷಾನಿಗೆ ಕೊಟ್ಟಿದ್ದೆ. ಅದರ ಕಬ್ಬಿಣ ಈಗ ನೇಗಿಲ ಕುಳವಾಗಿ ಯಾರದೋ ಹೊಲ ಉಳುತ್ತಿದೆ. ಕುಳ ರಸ್ತೆಗೆ ಬಂದು ಎತ್ತು ಕೊಲ್ಲುತ್ತದೆಯೇ?

ರಾಯಚೂರಿಗೆ ಹೋದೆ. ಮೋಟಾರು ಕಚೇರಿಯ ಗುಮಾಸ್ತ ದಪ್ಪ ದಫ್ತರ ತೆಗೆದು ಒಂದು ಉರ್ದು ಸಾಲಿನ ಮೇಲೆ ಬೆರಳಿಟ್ಟ.

“ಸಿದ್ದರಾಮಪ್ಪ, ದೇವದುರ್ಗ. ಗಾಡಿ ನಿಮ್ಮ ಹೆಸರಿಗೇ ಅದ.”

“ಅಯ್ಯ, ಗಾಡೀನೇ ಇಲ್ಲರಿ! ಒಡದು ಹಾಕ್ಯಾರ!”

“ಒಡದದ್ದು ನಮಗ ಯಾರು ಹೇಳ್ಯಾರ? ಗಾಡಿ ನಂಬರ್ ಬರದ ತಗಡಿನ ಪಟ್ಟಿ ತಂದು ಒಪ್ಪಿಸ್ರಿ. ಎತ್ತು ಸತ್ತ ದಿನ ಅದು ಯಾರ ಹತ್ರ ಇತ್ತು ಅಂತ ಬರದು ಕೊಡ್ರಿ. ನಿಮ್ಮ ಹೆಸರು ಹೊಡದು ಹಾಕ್ತೀನಿ.”

ಕಾರು ಒಡೆದರೆ ಎಲ್ಲ ಮುಗಿಯಿತು ಅಂದುಕೊಂಡಿದ್ದ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಬೇಕು. ಮಾನ್ವಿಗೆ ಹೋಗಿ ಪಾಷಾನನ್ನು ತರಾಟೆಗೆ ತೆಗೆದುಕೊಂಡೆ.

“ಪಟ್ಟಿ ಯಾರಿಗೆ ಮಾರಿದಿ ಹೇಳಲೇ!”

“ತೋಬಾ, ಮಾರಿಲ್ಲರಿ. ನಿಮ್ಮ ಡ್ರೈವರ್ ಮೌನಪ್ಪ ಅಳಕೋತ ಬಂದ. ಕುಂಕುಮ ಹಚ್ಚಿದ್ದು, ಒಡೀಬ್ಯಾಡ ಅಂತ ಒಯ್ದ.”

ಮೌನಪ್ಪ ಹನ್ನೆರಡು ವರ್ಷ ನನ್ನ ಕಾರು ಓಡಿಸಿದವನು. ಈಗ ಮಾನ್ವಿಯಲ್ಲೇ ಬೇರೊಬ್ಬರ ಲಾರಿಗೆ ಸೇರಿದ್ದ. ಅವನ ಮನೆಗೆ ಹೋದರೆ ಪಟ್ಟಿ ದೇವರ ಜಗುಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕುಳಿತಿತ್ತು. ನನಗೆ ಮತ್ತಷ್ಟು ಗೊಂದಲವಾಯಿತು. ಜಗುಲಿಯ ಮೇಲಿನ ಪಟ್ಟಿ ಕುರ್ಡಿಗೆ ಹೇಗೆ ಹೋಯಿತು?

“ತಪ್ಪಾತ್ರಿ ಯಪ್ಪಾ,” ಎಂದು ಮೌನಪ್ಪ ಕಾಲಿಗೆ ಬಿದ್ದ. “ಹೊಸ ಲಾರಿ. ಹಳೇ ದೇವರು ಕಾಯಲಿ ಅಂತ ಆಯುಧಪೂಜಿ ದಿನ ಅದರ ಮುಂದ ಕಟ್ಟಿದ್ದೆ. ಒಂದ ದಿನ, ಅವತ್ತ ಎತ್ತು ಅಡ್ಡ ಬಂತು, ಹೆದರಿ ಓಡಿಸಿಬಿಟ್ಟೆ. ವರ್ಷಾ ದಸರಾಕ್ಕ ಈ ಪಟ್ಟಿಗೆ ನನ್ನ ಕೈ ಮುಗಿಸಿದವರು ನೀವ ಅಲ್ಲೇನ್ರಿ? ಈಗ ಲೈಸನ್ಸ್ ಕಸಗೊಂಡ್ರ ಮಕ್ಕಳಿಗೆ ಏನು ಹಾಕ್ಲಿ?”

ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಪಟ್ಟಿಯನ್ನು ಜಗುಲಿಯಿಂದ ತೆಗೆದುಕೊಂಡೆ. ಕೈ ಮುಗಿಸಿದವನು ನಾನೇ. ಗುಜರಿಗೆ ಹಾಕುವಾಗ ಅವನಿಗೊಂದು ಮಾತೂ ಹೇಳದವನು ನಾನೇ.

ಸೋಮವಾರ ಪಟ್ಟಿಯನ್ನು ಗುಮಾಸ್ತನ ಮೇಜಿನ ಮೇಲಿಟ್ಟೆ. ಅವನು ಲೇಖನಿಯನ್ನು ಮಸಿಯಲ್ಲಿ ಅದ್ದಿದ.

“ಆ ದಿನ ಯಾರ ಹತ್ರ ಇತ್ರಿ?”

ನಾಲ್ಕು ದಿನದಿಂದ ಹೆಸರು ತೆಗೆಸಲೆಂದೇ ಊರೂರು ಅಲೆದಿದ್ದೆ. ಮೌನಪ್ಪ ಎಂದರೆ ಮುಗಿಯುತ್ತಿತ್ತು. ಮೇಜಿನ ಮೇಲಿನ ಪಟ್ಟಿಗೆ ಅವನು ಹಚ್ಚಿದ ವಿಭೂತಿ ಇನ್ನೂ ಅಂಟಿತ್ತು.

“ನನ್ನ ಹತ್ರ ಇತ್ತು,” ಎಂದೆ. “ಗುದ್ದಿದವ ನಾನ. ಎತ್ತಿನ ಮಾಲಕರಿಗೆ ಬ್ಯಾರೆ ಎತ್ತು ಕೊಡಸ್ತೀನಿ, ಬರಕೋರಿ.”

ಗುಮಾಸ್ತ ಕಣ್ಣು ಕಣ್ಣು ಬಿಟ್ಟ. “ಮೊನ್ನೆ ಗಾಡೀನೇ ಇಲ್ಲ ಅಂದ್ರಲ್ರಿ?”

ನಾನು ಪಟ್ಟಿಯನ್ನು ಅವನತ್ತ ಸರಿಸಿದೆ. ಅವನು ಲೇಖನಿ ಕೆಳಗಿಟ್ಟ.

“ಹಂಗಿದ್ರ ಕೇಸು ಮುಗಿಯೂತನಕ ನಿಮ್ಮ ಹೆಸರು ತೆಗಿಯಾಕ ಬರಂಗಿಲ್ಲ, ನೋಡ್ರಿ.”

“ಇರಲಿ ಬಿಡ್ರಿ,” ಎಂದು ಅವನು ತೋರಿಸಿದಲ್ಲಿ ಸಹಿ ಹಾಕಿದೆ.