ಹಂಪಮ್ಮನ ಎಡಗೈ

ಪ್ಲಾಸ್ಟರ್ ಬಿಚ್ಚಿದ ಮೇಲೂ ಹಂಪಮ್ಮನ ಎಡಗೈ ಇಷ್ಟಲಿಂಗವನ್ನು ಹೊರಲಾರದೆ ಹೋಯಿತು. ಪೂಜೆಗೆ ಕುಳಿತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ಮಣಿಕಟ್ಟು ಆಗತಾನೆ ಹುಟ್ಟಿದ ಕರುವಿನ ಕಾಲಿನಂತೆ ನಡುಗುತ್ತಿತ್ತು. ಆಗ ಸೊಸೆ ಗುರುದೇವಿ ಸದ್ದಿಲ್ಲದೆ ಬಂದು ಅತ್ತೆಯ ಕೈಕೆಳಗೆ ತನ್ನ ಕೈ ಇಡುತ್ತಿದ್ದಳು. ಒಲೆಯ ಮೇಲೆ ರೊಟ್ಟಿ ಕರಕಾದರೂ ಕೈ ತೆಗೆಯುತ್ತಿರಲಿಲ್ಲ.

"ನನ್ನ ಲಿಂಗ ನನ್ನ ಕೈಯಾಗೇ ನಿಲ್ಲಬೇಕವಾ. ಎಷ್ಟು ದಿನ ನಿನ್ನ ಕೈ ಮ್ಯಾಲ ಪೂಜಿ ಮಾಡ್ಲಿ?"

"ಕೈಗೇನು ಬಾಡಿಗಿ ಕೇಳೀನೇನ್ರಿ ಅತ್ತಿ?"

ಶಹಾಪುರದ ತಮ್ಮದೇ ಮನೆಯ ಬಚ್ಚಲಲ್ಲಿ ಹಂಪಮ್ಮ ಜಾರಿ ಕೈಯೂರಿದ್ದಳು, ಅಷ್ಟೇ. ಅಷ್ಟಕ್ಕೇ ಎಲುಬು ಮುರಿದಿತ್ತು. ಯಾದಗಿರಿಯ ಡಾಕ್ಟರ್ ಸಂಘಮಿತ್ರಾ ಪರೀಕ್ಷೆ ಮಾಡಿಸಿ, ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಎಲುಬು ಒಳಗ ಟೊಳ್ಳಾಗ್ಯಾವ ಅಮ್ಮಾರ. ಮುಟ್ಟು ನಿಂತ ಮ್ಯಾಲ ಭಾಳ ಹೆಣ್ಮಕ್ಕಳಿಗೆ ಹಿಂಗಾಗ್ತದ. ಈ ಸಲ ಕೈ ಹೋತು. ಮುಂದ ಟೊಂಕದೆಲುಬು ಹೋದ್ರ ಹಾಸಿಗಿ ಹಿಡೀತೀರಿ. ಈಗಿಂದ್ಲೇ ಕಾಳಜಿ ಮಾಡ್ರಿ."

ಹಂಪಮ್ಮ ಮನಸ್ಸು ಗಟ್ಟಿ ಮಾಡಿಕೊಂಡಳು. ಹಾಲು ಮೊಸರೆಲ್ಲ ಗಂಡಸರಿಗೆ, ಮಕ್ಕಳಿಗೆ ಎಂದು ಜೀವಮಾನವಿಡೀ ತೆಗೆದಿಟ್ಟವಳು ಈಗ ತನ್ನ ರೊಟ್ಟಿಗೂ ಮೊಸರು ಹಾಕಿಕೊಂಡಳು. ಎಳ್ಳಿನ ಹಿಂಡಿ, ನುಗ್ಗೆಸೊಪ್ಪು ತಾಟಿಗೆ ಬಂದವು. ಅಂಗಳದ ಬಿಸಿಲಿಗೆ ಕುಳಿತು ಒದ್ದೆ ಬಟ್ಟೆ ಹಿಂಡುತ್ತ ಕೈ ಪಳಗಿಸಿದಳು. ಪಕ್ಕದ ಮನೆಯ ಅನ್ವರಬಿ, ಹಂಪಮ್ಮನ ಕಾಲಿಗೆ ತೊಡರೀತೆಂದು ಓಣಿಯಲ್ಲಿದ್ದ ತನ್ನ ಎಮ್ಮೆಯ ಗೂಟವನ್ನೇ ಕಿತ್ತು ಆಚೆ ನೆಟ್ಟಳು.

ಕೈಕೊಟ್ಟಿದ್ದು ಎಲುಬು ಗಟ್ಟಿಯಾಗಲೆಂದು ಡಾಕ್ಟರು ಬರೆದುಕೊಟ್ಟ ವಾರಕ್ಕೊಮ್ಮೆಯ ಗುಳಿಗೆ. ನುಂಗಿದ ದಿನವೆಲ್ಲ ಎದೆ ಉರಿ.

"ಇದು ಗುಳಿಗಿ ಅಲ್ಲ, ಕೆಂಡ. ನಾ ಒಲ್ಲೆ," ಎಂದಳು ಹಂಪಮ್ಮ.

ಗುರುದೇವಿ ಬೈಯಲಿಲ್ಲ. ಮರುದಿನವೇ ಯಾದಗಿರಿ ಬಸ್ಸು ಹತ್ತಿಸಿದಳು. ದಾರಿಯುದ್ದಕ್ಕೂ ಅತ್ತೆಯ ಎಡಗೈಗೆ ಬಸ್ಸಿನ ಕುಲುಕಾಟ ತಾಗದಂತೆ ತನ್ನ ಭುಜ ಒಡ್ಡಿ ಕುಳಿತಳು.

ಡಾಕ್ಟರು ಕೇಳಿದರು, "ಗುಳಿಗಿ ಹೆಂಗ ತಗೊಂತೀರಿ?"

"ನೀವು ಹೇಳಿದಂಗ್ರಿ. ಎದ್ದಕೂಡ್ಲೆ, ಖಾಲಿ ಹೊಟ್ಟೀಲೆ."

"ನೀರು ಎಷ್ಟು ಕುಡೀತೀರಿ?"

ಹಂಪಮ್ಮ ಡಾಕ್ಟರರ ಮುಖವನ್ನೇ ನೋಡಿದಳು. "ಲಿಂಗಪೂಜಿಗಿಂತ ಮೊದಲ ನಾ ನೀರು ಮುಟ್ಟಂಗಿಲ್ರಿ. ಉಗುಳಿನಾಗೇ ನುಂಗ್ತೀನಿ."

"ಆಮ್ಯಾಲ?"

"ಸೊಸಿ ಹಾಸಿಗಿ ಹಾಸ್ತಾಳ. ಜರ ಆರಾಮ ಮಾಡ್ರಿ ಅಂತಾಳ. ಅಡ್ಡಾಗ್ತೀನಿ."

ಡಾಕ್ಟರು ನಗಲಿಲ್ಲ, ಗದರಲೂ ಇಲ್ಲ. "ಈ ಗುಳಿಗಿ ಗಂಟಲದಾಗ ನಿಂತ್ರ ಸುಡ್ತದ್ರಿ. ಮಲಗಿದ್ರ ಮತ್ತ ಮ್ಯಾಲ ಬರ್ತದ. ಪೂಜಿ ಮುಗಿಯೋತನ ಏನೂ ತಿನ್ನಂಗಿಲ್ಲಲ್ಲ?"

"ಹನಿ ನೀರು ಸೈತ ಇಲ್ಲ."

"ಹಂಗಾರ ಪೂಜಿ ಮುಗಿಸೇ ತಗೋರಿ. ತುಂಬಿದ ಗ್ಲಾಸು ಬರೇ ನೀರು. ಅರ್ಧ ತಾಸು ಮಲಗಬ್ಯಾಡ್ರಿ. ಚಹಾ, ಹಾಲು, ಪ್ರಸಾದ ಎಲ್ಲಾ ಆಮ್ಯಾಲ. ಮೊದಲ ಉರಿ ಪೂರಾ ಕಡಿಮಿ ಆಗ್ಲಿ, ನಾನೇ ಹೇಳ್ತೀನಿ, ಆವಾಗ ಸುರು ಮಾಡ್ರಿ. ಆಮ್ಯಾಲ ನನ್ನ ಕೇಳದ ನೀವಾಗೇ ಬಿಡಬ್ಯಾಡ್ರಿ."

ಹೊರಗೆ ಬಂದಾಗ ಗುರುದೇವಿಯ ಮುಖ ಸಣ್ಣದಾಗಿತ್ತು. "ನಾನೇ ಹಾಸಿಗಿ ಹಾಸಿದೆ."

"ನೀ ಹಾಸಿದಿ, ನಾ ಮಲಗಿದೆ. ಇಬ್ರೂ ಶಾಣ್ಯಾರೇ. ನಡಿ, ಬಸ್ ಹೋಗ್ತದ."

ಉರಿ ಇಳಿದು, ಡಾಕ್ಟರು ಹೂಂ ಅಂದ ಮೇಲೆ ಹಂಪಮ್ಮ ಮತ್ತೆ ಗುಳಿಗೆ ಹಿಡಿದಳು. ಅದನ್ನು ನುಂಗಿದ ದಿನ ಅರ್ಧ ತಾಸು ಓಣಿಯಲ್ಲಿ ಅಡ್ಡಾಡುವುದೇ ಕೆಲಸ.

"ಏನಕ್ಕಾ, ಎಲೆಕ್ಷನ್‌ಗೆ ನಿಂತೀಯೇನು?" ಎಂದು ಅನ್ವರಬಿ ಕೆಣಕುತ್ತಿದ್ದಳು.

"ಹೌದು. ನಿನ್ನ ವೋಟು, ನಿನ್ನ ಎಮ್ಮಿ ವೋಟು ಎರಡೂ ನಂಗೇ."

ಶ್ರಾವಣದ ಒಂದು ಬೆಳಿಗ್ಗೆ ಗುರುದೇವಿ ಎಂದಿನಂತೆ ಕೈ ಚಾಚಿದಾಗ ಹಂಪಮ್ಮ ತಲೆಯಾಡಿಸಿ ಬೇಡವೆಂದಳು. ಗುರುದೇವಿ ಕೈಯನ್ನು ತುಸು ಕೆಳಗೆ, ತಾಗದ ಹಾಗೆ, ಗಾಳಿಗೆ ದೀಪ ಕಾಯುವಂತೆ ಹಿಡಿದು ಕುಳಿತಳು. ಎಡಗೈ ನಡುಗಿತು. ಹಂಪಮ್ಮ ಹಲ್ಲು ಕಚ್ಚಿ ವಿಭೂತಿ ಧರಿಸಿದಳು, ಪತ್ರಿ ಏರಿಸಿದಳು. ಹಣೆಯಲ್ಲಿ ಬೆವರೊಡೆಯಿತು. ಲಿಂಗ ಅಂಗೈ ಬಿಟ್ಟು ಅಲುಗಲಿಲ್ಲ.

ಸೊಸೆಯ ಕಣ್ಣು ತುಂಬಿದ್ದನ್ನು ಕಂಡೂ ಕಾಣದವಳಂತೆ ಹಂಪಮ್ಮ ಎಂದಳು, "ಇವತ್ತು ಇಷ್ಟಾದ್ರೂ ಆತು. ನಾಳಿ ನೀ ಒಲಿ ಮುಂದೇ ಇರು, ನಾ ಒಬ್ಬಾಕಿನೇ ಕುಂದರ್ತೀನಿ."