ನೆರೆಯ್ದಾಳ ಕಾರಿಗೆ ಕೇಳದೆ ಕೂರಿಸಿದ ಟರ್ಬೊ

ಮಗಳ ಬಾಣಂತನ ಮುಗಿಸಿ ಒರ್ಲಾಂಡೊದಿಂದ ವಾಪಸು ಬಂದ ನೆರೆಯ್ದಾ ಸೂಟ್‌ಕೇಸನ್ನು ಗೇಟಿನ ಹತ್ತಿರವೇ ಬಿಟ್ಟು ತನ್ನ ಕಾರಿನ ಮುಂದೆ ಹೋಗಿ ನಿಂತಳು. ಮುಂದಿನ ಬಂಪರನ್ನು ಗರಗಸದಲ್ಲಿ ಕೊಯ್ದು ದೊಡ್ಡ ಕಿಂಡಿ ಮಾಡಿದ್ದರು. ಅದರೊಳಗೆ ಥಳಥಳ ಹೊಳೆಯುವ ಅಲ್ಯುಮಿನಿಯಂ ಜಾಲರಿ. ನಮ್ಮ ಗ್ವಾಯಾಮಾ ಊರಿನಲ್ಲಿ ಅದು ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಂಜಿನಿಗೆ ಹೆಚ್ಚು ಗಾಳಿ ತುರುಕಿ ಬಲ ಏರಿಸುವ ಟರ್ಬೊ ಅವಳ ಕಾರಿಗೆ ಬಿದ್ದಿತ್ತು.

ಅಂಗಳದಲ್ಲಿ ನೆಂಟರೆಲ್ಲ ಸೇರಿದ್ದೆವು. ಹಂದಿಮಾಂಸ ಬೇಯುತ್ತಿತ್ತು, ತೊಗರಿಕಾಳಿನ ಅನ್ನ ಒಲೆಯಿಂದ ಇಳಿದಿತ್ತು. ಅವಳ ತಮ್ಮ ಅಬ್ದಿಯೆಲ್ ಕೈ ಒರೆಸಿಕೊಳ್ಳುತ್ತ, ಹಲ್ಲು ಬಿಡುತ್ತ ಬಂದ.

"ಹೇಗಿದೆ ಅಕ್ಕ?"

"ಯಾರನ್ನ ಕೇಳಿ ಮಾಡ್ದೆ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂದ್ರೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೀಯ."

ಅವಳು ದನಿ ಏರಿಸಲಿಲ್ಲ. ಅವಳ ಚಿಕ್ಕಮ್ಮನ ಮಗನಾದ ನನಗೆ ಆ ಸಣ್ಣ ದನಿಯ ಪರಿಚಯ ಚಿಕ್ಕಂದಿನಿಂದ ಇತ್ತು. ನಾನು ತಟ್ಟೆ ಹಿಡಿದುಕೊಂಡು ಹಿಂದೆ ಸರಿದೆ.

ಆ ಕೆಂಪು ಮೂರು ಬಾಗಿಲಿನ ಪುಟ್ಟ ಕಾರು ಚಂಡಮಾರುತದ ನೆರೆಯಲ್ಲಿ ಮುಳುಗಿ ಗುಜರಿಗೆ ಹೋಗಲಿದ್ದದ್ದು. ನೆರೆಯ್ದಾ ಅದನ್ನು ಮನೆಗೆ ಎಳೆಸಿಕೊಂಡು ಬಂದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮುಗಿಸಿ ಬಂದು, ವರ್ಷಗಟ್ಟಲೆ ತಮ್ಮನ ಗ್ಯಾರೇಜಿನಲ್ಲಿ ಕೂತು ಇಂಜಿನನ್ನು ತಾನೇ ಕಟ್ಟಿದಳು. ನಿಧಾನಕ್ಕೆ ಓಡಿಸಿದರೆ ಅದು ಸಾಧು ಪ್ರಾಣಿ. ಇಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತು ದಾಟಿದರೆ ಮಾತ್ರ ಮೈಮೇಲೆ ಏನೋ ಬಂದ ಹಾಗೆ ಅರಚುತ್ತ ಒಂಬತ್ತು ಸಾವಿರದವರೆಗೆ ಏರುತ್ತಿತ್ತು. ಅದನ್ನು ಅಲ್ಲೇ ಇಟ್ಟುಕೊಳ್ಳುವುದು ಓಡಿಸುವವರ ಕೈಚಳಕ. ಗೇರು ಒಂದು ಕ್ಷಣ ತಡವಾದರೂ ಕಾರು ಸೊರಗುತ್ತಿತ್ತು. ಸಲೀನಾಸ್‌ನ ರೇಸ್ ಟ್ರ್ಯಾಕಿನಲ್ಲಿ ಟರ್ಬೊ ಇಲ್ಲದ ಕಾರುಗಳ ವಿಭಾಗದಲ್ಲಿ ಅವಳು ಎಷ್ಟೋ ಸಲ ಗೆದ್ದಿದ್ದಳು.

"ಆ ಅರೆಸೀಬೊದ ರಾದಾಮೆಸ್ ನನ್ನ ಗ್ಯಾರೇಜಿಗೇ ಬಂದು, ನಿಮ್ಮಕ್ಕನ ಕಾರು ಹೊಲಿಗೆ ಮಿಷನ್ನು ಅಂದ," ಎಂದ ಅಬ್ದಿಯೆಲ್. "ಎಲ್ಲರೂ ನಕ್ಕರು. ನಾನು ಸುಮ್ನಿರ್ಬೇಕಿತ್ತಾ? ಭಾನುವಾರ ಅವನ ಜೊತೆ ರೇಸು ಒಪ್ಕೊಂಡಿದೀನಿ. ನಿನ್ನ ಹೆಸರಲ್ಲಿ."

"ನಕ್ಕಿದ್ದು ನಿನ್ನ ನೋಡಿ. ಕೊಯ್ದಿದ್ದು ನನ್ನ ಕಾರನ್ನ."

"ಇಂಜಿನ್ ಪೂರ್ತಿ ಬಿಚ್ಚಿ, ಪಿಸ್ಟನ್ ಬದಲಾಯಿಸಿ, ಎಲ್ಲಾ ಸರಿಯಾಗೇ ಮಾಡಿದೀನಿ ಅಕ್ಕ. ಒಂದ್ಸಲ ಓಡ್ಸಿ ನೋಡು. ಆಮೇಲೆ ಬೈಯಿ."

ಅವರ ತಾಯಿ ಡೋನ್ಯಾ ಪ್ರೊವಿ ಕುರ್ಚಿಯಿಂದಲೇ, "ಮಗು ಪ್ರೀತಿಯಿಂದ ಮಾಡಿದಾನೆ, ಬಿಡೇ," ಎಂದರು. ಮಗುವಿಗೆ ನಲವತ್ತಾಗಿತ್ತು. ನೆರೆಯ್ದಾ ತಮ್ಮನ ಕೈಯಿಂದ ಕೀಲಿ ಕಿತ್ತುಕೊಂಡು ನನ್ನತ್ತ ನೋಡಿದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

ಕಬ್ಬಿನ ಗದ್ದೆಗಳಿದ್ದ ಜಾಗದ ಹಳೆಯ ನೇರ ರಸ್ತೆಯಲ್ಲಿ ಅವಳು ಆಕ್ಸಿಲರೇಟರ್ ತುಳಿದಳು. ಮೊದಲು ಸೀಟಿ ಹೊಡೆದಂಥ ಸದ್ದು, ಆಮೇಲೆ ಬೆನ್ನಿಗೆ ಯಾರೋ ಒದ್ದ ಹಾಗೆ ನೂಕು. ನನ್ನ ತಲೆ ಸೀಟಿಗೆ ಬಡಿಯಿತು. ಅವಳ ಬಾಯಿಂದ ನಗು ಹೊರಟಿತು. ಮರುಗಳಿಗೆ ಆ ನಗುವಿಗೇ ಸಿಟ್ಟಾದವಳಂತೆ ತುಟಿ ಕಚ್ಚಿದಳು.

"ನಾನೇನೂ ಮಾಡದೆ ಹೋಗುತ್ತೆ ಇದು," ಎಂದಳು. "ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ಆಗ ಇಂಜಿನಿನೊಳಗಿಂದ ಕೇಳಿಸಿತು: ಡಬ್ಬಿಯಲ್ಲಿ ಜಲ್ಲಿಕಲ್ಲು ಕುಲುಕಿದ ಹಾಗೆ ಸಣ್ಣಗೆ ಚಟಪಟ. ಅವಳು ತಕ್ಷಣ ಕಾಲು ತೆಗೆದಳು. ಟರ್ಬೊ ಒಳಕ್ಕೆ ತುರುಕುವ ಗಾಳಿಗೆ ತಕ್ಕ ಪಿಸ್ಟನ್ ಇಲ್ಲದಿದ್ದರೆ ಇಂಜಿನ್ ನರಳುವ ಬಗೆ ಅದು. ಅದೇ ಸದ್ದು ಮುಂದುವರಿದರೆ ಒಳಗಿನ ಕಬ್ಬಿಣ ಒಡೆದು ಹೊರಬರುತ್ತದೆ. ಕಾರು ತಿರುಗಿಸಿ ನಿಧಾನಕ್ಕೆ ಮನೆಗೆ ತಂದಳು.

ಅಂಗಳದಲ್ಲಿ ಇಳಿದು ನೇರ ತಮ್ಮನ ಬಳಿಗೆ ಹೋದಳು.

"ಪಿಸ್ಟನ್ ಬದಲಾಯಿಸಿದೀಯಾ?"

"ಹೇಳಿದ್ನಲ್ಲ."

"ನನ್ನ ಮುಖ ನೋಡಿ ಹೇಳು."

ಅವನು ಅಮ್ಮನ ಮುಖ ನೋಡಿದ. "ಟೈಮಾಗ್ಲಿಲ್ಲ ಅಕ್ಕ. ಗಾಳಿ ಕಮ್ಮಿ ಇಟ್ಟಿದೀನಿ. ಒಂದು ರೇಸು ತಾನೆ, ತಡ್ಕೊಳ್ಳುತ್ತೆ."

"ತಡ್ಕೊಳ್ದಿದ್ರೆ? ಅದು ಸಿಡಿದು ಎಣ್ಣೆ ಚಕ್ರದ ಕೆಳಗೆ ಬೀಳುವಾಗ ಕಾರೊಳಗೆ ಕೂತಿರೋಳು ಯಾರು? ನಿನ್ನ ಮರ್ಯಾದೆ ಉಳಿಸೋಕೆ ನನ್ನ ಕೂರಿಸಿ ಬಿಡ್ತಿದ್ದೆ, ಅದೂ ಸುಳ್ಳು ಹೇಳಿ."

ಡೋನ್ಯಾ ಪ್ರೊವಿ ಏನೋ ಹೇಳಲು ಬಾಯಿ ತೆರೆದರು. "ಅಮ್ಮ, ಇವತ್ತು ನೀನು ನಡುವೆ ಬರ್ಬೇಡ," ಎಂದಳು ನೆರೆಯ್ದಾ. ಅವರು ಬಾಯಿ ಮುಚ್ಚಿ ಕುರ್ಚಿಗೆ ಒರಗಿಕೊಂಡರು. ಅವರು ಮಗಳ ಮಾತಿಗೆ ಮಣಿದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ನನ್ನನ್ನು ಕರೆದಳು. ಅಬ್ದಿಯೆಲ್‌ನ ಗ್ಯಾರೇಜಿಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ತನ್ನ ಹಳೆಯ ಸೈಲೆನ್ಸರ್ ಕೊಳವೆಗಳನ್ನೂ ಉಳಿದ ಸಾಮಾನನ್ನೂ ಅವನೆದುರೇ ಹೊತ್ತು ತಂದಳು. ಅವನು ಬಾಗಿಲಲ್ಲಿ ನಿಂತು, "ಭಾನುವಾರ ನನ್ನ ಮುಖಕ್ಕೆ ಮಸಿ ಬಳಿತೀಯ," ಎಂದ. ಅವಳು ತಿರುಗಿಯೂ ನೋಡಲಿಲ್ಲ. ಹಗಲೆಲ್ಲ ಟರ್ಬೊ, ಅದರ ಪೈಪುಗಳು, ಜಾಲರಿ ಒಂದೊಂದನ್ನೇ ಬಿಚ್ಚಿದೆವು. ಬಿಗಿಯಾದ ಬೋಲ್ಟು ಸಿಕ್ಕಾಗಲೆಲ್ಲ ತಮ್ಮನ ಹೆಸರು ಹಿಡಿದು ಬೈದಳು. ಟರ್ಬೊದ ಎಣ್ಣೆ ಹರಿಯಲೆಂದು ಅವನು ಇಂಜಿನಿನ ತಳಕ್ಕೆ ಕೊರೆದಿದ್ದ ತೂತನ್ನು ಮುಚ್ಚುವಾಗ ಮಾತ್ರ ಅವಳ ಕಣ್ಣು ತುಂಬಿತು. ಅದನ್ನೂ ಮುಂಗೈಯಲ್ಲಿ ಸಿಟ್ಟಿನಿಂದಲೇ ಒರೆಸಿಕೊಂಡಳು.

"ರೇಸಿಗೆ ಹೋಗ್ಲೇಬೇಕಾ?" ಎಂದೆ.

"ನನ್ನ ಹೆಸರಲ್ಲಿ ಮಾತು ಕೊಟ್ಟಾಗಿದೆ. ಹೋಗ್ತೀನಿ. ನನ್ನ ಕಾರಲ್ಲಿ ಹೋಗ್ತೀನಿ."

ಭಾನುವಾರ ಸಲೀನಾಸ್‌ನಲ್ಲಿ ಜನ ಕಿಕ್ಕಿರಿದಿದ್ದರು. ರಾದಾಮೆಸ್‌ನ ಟರ್ಬೊ ಕಾರು ಸೀಟಿ ಹೊಡೆಯುತ್ತ ನಿಂತಿತ್ತು. ಹಸಿರು ದೀಪ ಹತ್ತಿದ ಕ್ಷಣಕ್ಕೆ ನೆರೆಯ್ದಾ ಮುಂದಾದಳು. ಅವಳ ಇಂಜಿನಿನ ಅರಚಾಟಕ್ಕೆ ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಅರ್ಧ ದಾರಿಯವರೆಗೆ ಅವಳೇ ಮುಂದೆ. ಆಮೇಲೆ ರಾದಾಮೆಸ್ ಅವಳನ್ನು ದಾಟಿ, ಎರಡು ಕಾರಿನುದ್ದ ಮುಂದೆ ಹೋಗಿ ಗೆದ್ದ.

ಅವನೇ ಇಳಿದು ಬಂದ. "ಟರ್ಬೊ ಹಾಕಿದೀರಿ ಅಂದಿದ್ರು. ಎಲ್ಲಿ?"

"ತಮ್ಮನದು. ಬೇಕಾದ್ರೆ ಅವನ ಕಾರಿಗೆ ಹಾಕ್ಕೊಳ್ತಾನೆ. ಹೊಲಿಗೆ ಮಿಷನ್ನು ಅಂದಿದ್ರಂತೆ?"

ರಾದಾಮೆಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅರ್ಧ ದಾರಿ ನಿಮ್ಮ ಕಾರಿನ ಹಿಂಭಾಗ ನೋಡ್ಕೊಂಡೇ ಬಂದೆ. ಇನ್ನೊಂದ್ಸಲ ಅನ್ನಲ್ಲ."

ಅಬ್ದಿಯೆಲ್ ಬೇಲಿಯ ಹತ್ತಿರ ಒಬ್ಬನೇ ನಿಂತಿದ್ದ. ಅವಳು ಕಾರು ತಿರುಗಿಸಿಕೊಂಡು ಬಂದಾಗ ಕಿಟಕಿಗೆ ಬಗ್ಗಿದ.

"ಸೋತೆವಲ್ಲ ಅಕ್ಕ."

"ನಾನು ಸೋತೆ. ನೀನು ಓಡ್ಲಿಲ್ಲ."

"ತಪ್ಪಾಯ್ತು. ಕೇಳ್ಬೇಕಿತ್ತು."

"ಹೌದು, ಕೇಳ್ಬೇಕಿತ್ತು."

ಅವನು ಕಾದ. ಅವಳು ಇನ್ನೇನಾದರೂ ಹೇಳುತ್ತಾಳೆಂದು ನಾನೂ ಕಾದೆ. ಅವಳು ಕಿಟಕಿಯ ಗಾಜು ಏರಿಸಿದಳು. ಟರ್ಬೊ ಇಲ್ಲದ ಕಾರುಗಳ ರೇಸಿಗೆ ಆಚೆ ಕಡೆ ಸಾಲು ಶುರುವಾಗಿತ್ತು. ಕೊನೆಯ ಕಾರಿನ ಹಿಂದೆ ಹೋಗಿ ನಿಂತು ತನ್ನ ಸರದಿಗೆ ಕಾಯತೊಡಗಿದಳು.