ಬೆಣ್ಣೆ ಬ್ಯಾಟ್‌ನ ಗೋರಿಯಲ್ಲಿ ಒಂದು ಜಾಗ

ಐರ್ಲೆಂಡಿನ ಕಿಲ್ಲಾವೀನ್ ಊರಿನ ಹಳೆಯ ಸ್ಮಶಾನದಲ್ಲಿ ಬೆಣ್ಣೆ ವ್ಯಾಪಾರಿ ಬಾರ್ಥಲೋಮ್ಯೂ ಕೋಕ್ಲಿಯ ಗೋರಿಯಷ್ಟು ಒಳ್ಳೆಯ ಜಾಗ ಇನ್ನೊಂದಿರಲಿಲ್ಲ. ಎತ್ತರದ ದಿಬ್ಬ, ಬೆನ್ನಿಗೆ ಚರ್ಚಿನ ಮುರುಕು ಗೋಡೆ, ಎದುರಿಗೆ ಸಮುದ್ರ. ಬದುಕಿರುವವರಿಗೆ ಅಂಥ ಜಾಗದಲ್ಲಿ ಮನೆ ಸಿಗುವುದು ಕನಸಿನ ಮಾತು. ಊರೆಲ್ಲ ಹಸಿದು ಸಾಯುತ್ತಿದ್ದ ಕಾಲದಲ್ಲೂ ಪೀಪಾಯಿಗಟ್ಟಲೆ ಬೆಣ್ಣೆಯನ್ನು ಹಡಗಿಗೆ ಹತ್ತಿಸಿದ ಮನುಷ್ಯ, ಸತ್ತ ಮೇಲೂ ಸಮುದ್ರ ಕಾಣುವಂತೆ ಮಲಗಿದ್ದ. ಊರಿನವರು ಬಾರ್ಥಲೋಮ್ಯೂ ಎಂಬುದನ್ನು ಮೊಟಕು ಮಾಡಿ ಅವನನ್ನು ಇಂದಿಗೂ ಬೆಣ್ಣೆ ಬ್ಯಾಟ್ ಎಂದೇ ಕರೆಯುತ್ತಾರೆ, ಪ್ರೀತಿಯಿಂದಲ್ಲ.

ಆ ಗೋರಿಯಲ್ಲಿ ಇನ್ನು ಒಬ್ಬರಿಗೆ ಮಾತ್ರ ಜಾಗ ಉಳಿದಿದೆಯೆಂದು ಚರ್ಚಿನ ಪುಸ್ತಕ ಹೇಳುತ್ತಿತ್ತು. ಕೇಳುವವರು ಇಬ್ಬರಿದ್ದರು.

ಒಬ್ಬಳು ಡಿಂಪ್ನಾ ಕೋಕ್ಲಿ, ಬ್ಯಾಟ್‌ನ ಹಿರಿಯ ಮಗ ಕಾರ್ನೀಲಿಯಸ್‌ನ ಮೊಮ್ಮಗಳು. ವಯಸ್ಸು ಎಪ್ಪತ್ತು, ಮದುವೆಯಾಗಿಲ್ಲ. ನಲವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಊರಿನವರ ಕಾಗದಗಳನ್ನೆಲ್ಲ ಹೊರಗಿನಿಂದ ಬಲ್ಲವಳು. ಒಳಗಿನಿಂದ ಬಲ್ಲಳೋ ಇಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇನ್ನೊಬ್ಬ ಫಿನ್‌ಬಾರ್ ಕೋಕ್ಲಿ, ಕಿರಿಯ ಮಗ ಜೆರಮಯನ ಮೊಮ್ಮಗ, ಅಂದರೆ ಅವಳ ದಾಯಾದಿ. ಹನ್ನೆರಡು ಹಸುಗಳ ಒಡೆಯ. ಮದುವೆಯಾಗಬೇಕೆಂದು ಯೋಚಿಸುತ್ತಲೇ ಅರವತ್ತೆಂಟು ಮುಟ್ಟಿದವನು.

ಇಬ್ಬರಿಗೂ ಮಾತು ಬಿಟ್ಟು ಇಪ್ಪತ್ತೆಂಟು ವರ್ಷ. ಡಿಂಪ್ನಾಳ ತಾಯಿಯ ಶವಯಾತ್ರೆಯ ದಿನ ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಡಬೇಕಾದವನು ಡಿಂಪ್ನಾಳ ತಮ್ಮ ಮಾಲಕಿ. ಅವನನ್ನು ಪಕ್ಕಕ್ಕೆ ತಳ್ಳಿ ಫಿನ್‌ಬಾರ್ ಹೆಗಲು ಕೊಟ್ಟುಬಿಟ್ಟಿದ್ದ. ಊರೆಲ್ಲ ನೋಡಿತ್ತು. ಮಾಲಕಿ ಈಗಿಲ್ಲ; ಆದರೆ ಡಿಂಪ್ನಾಳ ಸಿಟ್ಟು ಬೂಷ್ಟು ಹಿಡಿಯದ ಉಪ್ಪಿನಕಾಯಿಯ ಹಾಗೆ ಜಾಡಿಯಲ್ಲಿ ಹಾಗೇ ಇತ್ತು.

ಡಿಂಪ್ನಾಳಿಗೆ ಸಾವಿನ ಭಯವಿರಲಿಲ್ಲ. ಅವಳ ಭಯವೆಲ್ಲ ಜುಲೈ ತಿಂಗಳ ಸಮಾಧಿ ಭಾನುವಾರದ್ದು. ಅಂದು ಪಾದ್ರಿ ಒಂದೊಂದು ಗೋರಿಗೂ ತೀರ್ಥ ಚಿಮುಕಿಸುತ್ತಾ ಬರುತ್ತಾರೆ. ಒಂದೊಂದು ಮನೆತನವೂ ಒಳ್ಳೆಯ ಕೋಟು ತೊಟ್ಟು ತಮ್ಮವರ ಗೋರಿಯ ಪಕ್ಕ ನಿಲ್ಲುತ್ತದೆ. ಯಾರ ಗೋರಿಯ ಪಕ್ಕ ಯಾರೂ ನಿಂತಿಲ್ಲ ಎಂಬುದನ್ನು ಇಡೀ ಊರು ಓರೆಗಣ್ಣಲ್ಲಿ ನೋಡಿ ನೋಡದಂತೆ ನಟಿಸುತ್ತದೆ. ಹಾಲಿನ ಡೈರಿಯ ಹಿಂದಿನ ಹೊಸ ಸ್ಮಶಾನದಲ್ಲಿ, ಕೆಸರಿನ ಕೊನೆಯ ಸಾಲಿನಲ್ಲಿ, ಟೀಚರ್ ಬ್ರೀಡಾಳ ಗೋರಿ ಎರಡು ವರ್ಷದಿಂದ ಹಾಗೆ ಅನಾಥವಾಗಿ ತೀರ್ಥ ಕುಡಿಯುತ್ತಿತ್ತು. ಅದರ ಮುಂದೆ ಡಿಂಪ್ನಾ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ಹಳೆಯ ಗೋರಿಯಲ್ಲಾದರೆ ಅಪ್ಪ, ಅಮ್ಮ, ಅಜ್ಜ ಎಲ್ಲ ಇದ್ದಾರೆ. ಮೇಲೆ ಯಾರೂ ನಿಲ್ಲದೆ ಹೋದರೂ ಕೆಳಗೆ ಜೊತೆಯಿದೆ.

ಹಳೆಯ ಸ್ಮಶಾನದಲ್ಲಿ ಹಕ್ಕಿದ್ದವರನ್ನು ಮಾತ್ರ ಹೂಳಬಹುದು. ಹಕ್ಕಿಗೆ ಪುರಾವೆ ಬೇಕು. ಚರ್ಚಿನ ಪೆಟ್ಟಿಗೆಯಲ್ಲಿ ಬೆಣ್ಣೆ ಬ್ಯಾಟ್ ತನ್ನ ಕೈಯಾರೆ ಬರೆದಿಟ್ಟ ಕಾಗದವಿತ್ತು. ಈ ಜಾಗ ನನ್ನ ಧರ್ಮಸಮ್ಮತ ಮದುವೆಯಿಂದ ಹುಟ್ಟಿದ ಮಕ್ಕಳಿಗೆ ಮತ್ತು ಅವರ ಸಂತತಿಗೆ; ಜಾಗ ಸಾಲದಿದ್ದರೆ ಹಿರಿಯವನ ಕವಲಿಗೆ ಮೊದಲು ಎಂದು ಅದರಲ್ಲಿತ್ತು. ಅಷ್ಟೇ ತಾನೆ ಎಂದುಕೊಂಡಳು ಡಿಂಪ್ನಾ. ತನ್ನಜ್ಜ ಹಿರಿಯ ಎಂಬುದು ಜಗಜ್ಜಾಹೀರು. ಒಂದು ಕಾಗದ ತಂದು ಮುಖಕ್ಕೆ ಹಿಡಿದರಾಯಿತು.

ಆದರೆ ಐರ್ಲೆಂಡಿನಲ್ಲಿ ವಂಶ ಹುಡುಕಹೊರಟವರಿಗೆ ಮೊದಲು ಸಿಗುವುದು ಬೂದಿ. ಡಬ್ಲಿನ್‌ನ ದಾಖಲೆಗಳೆಲ್ಲ ಸಾವಿರದ ಒಂಬೈನೂರ ಇಪ್ಪತ್ತೆರಡರ ಅಂತರ್ಯುದ್ಧದ ಗಲಾಟೆಯಲ್ಲಿ ಸುಟ್ಟುಹೋದವು ಎಂದು ಉತ್ತರ ಬಂತು. ಊರಿನ ನಾಮಕರಣದ ಪುಸ್ತಕ ತೆಗೆಸಿದರೆ ಬೇಕಾದ ಹತ್ತು ವರ್ಷಗಳನ್ನು ಮಾತ್ರ ಆರಿಸಿ ಆರಿಸಿ ಇಲಿ ತಿಂದಿತ್ತು. ಎರಡು ತಿಂಗಳು ಅಲೆದು ಸುಸ್ತಾದ ಮೇಲೆ ಅವಳಿಗೆ ಮಂಚದ ಕೆಳಗಿನ ಬಿಸ್ಕತ್ತಿನ ಡಬ್ಬ ನೆನಪಾಯಿತು. ಅದರಲ್ಲಿ ಅಜ್ಜನ ಪಿಂಚಣಿ ಅರ್ಜಿಯ ನಕಲಿತ್ತು.

ಆ ಪಿಂಚಣಿಯ ಕಥೆ ಊರಿನ ಹಸುಗೂಸಿಗೂ ಗೊತ್ತು. ಸಾವಿರದ ಒಂಬೈನೂರ ಒಂಬತ್ತರಲ್ಲಿ, ಎಪ್ಪತ್ತು ದಾಟಿದವರಿಗೆ ವಾರವಾರ ಪಿಂಚಣಿ ಎಂದು ಆಗ ಆಳುತ್ತಿದ್ದ ಲಂಡನ್ನಿನ ಸರಕಾರ ಸಾರಿತು. ಜನನದ ದಾಖಲೆ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಅಧಿಕಾರಿ ಒಂದೇ ಪ್ರಶ್ನೆ ಕೇಳುತ್ತಿದ್ದ: ಸಾವಿರದ ಎಂಟುನೂರ ಮೂವತ್ತೊಂಬತ್ತನೇ ಇಸವಿಯ ಜನವರಿಯಲ್ಲಿ ಊರಿನ ಚಾವಣಿಗಳನ್ನೆಲ್ಲ ಹಾರಿಸಿಕೊಂಡು ಹೋದ ಆ ದೊಡ್ಡ ಗಾಳಿ ನೆನಪಿದೆಯೇ? ನೆನಪಿಲ್ಲದವರು ಒಬ್ಬರೂ ಇರಲಿಲ್ಲ. ಆ ವರ್ಷ ಕೌಂಟಿಯಲ್ಲಿ ಅರವತ್ತರ ಆಸುಪಾಸಿನವರೇ ನಿರ್ನಾಮವಾದರು. ಎಲ್ಲರೂ ಒಂದೇ ವಾರದಲ್ಲಿ ಎಪ್ಪತ್ತು ದಾಟಿಬಿಟ್ಟರು. ಬೇರೆಯವರ ಅಜ್ಜಂದಿರೆಲ್ಲ ಸುಳ್ಳು ಹೇಳಿದ್ದರೆಂದು ಪ್ರತಿಯೊಬ್ಬ ಮೊಮ್ಮಗುವಿಗೂ ಗೊತ್ತಿತ್ತು. ತನ್ನ ಅಜ್ಜ ಮಾತ್ರ ನಿಜವಾಗಿ ಎಪ್ಪತ್ತಾದವನು.

ಡಿಂಪ್ನಾಳೂ ಹಾಗೇ ನಂಬಿದ್ದಳು. ಅಜ್ಜ ಎಪ್ಪತ್ತಮೂರರಲ್ಲಿ ಹೆಣ್ಣು ಮಗುವಿನ ತಂದೆಯಾದದ್ದು, ಎಂಬತ್ತೈದರಲ್ಲಿ ಸೇಬಿನ ಮರ ಹತ್ತಿದ್ದು, ತೊಂಬತ್ತಮೂರರಲ್ಲಿ ಸತ್ತದ್ದು ಎಲ್ಲವೂ ಕೋಕ್ಲಿ ರಕ್ತದ ಗಟ್ಟಿತನ ಎಂದು ಅವಳ ಹೆಮ್ಮೆ. ಗೋರಿಯ ಕಲ್ಲಿನ ಮೇಲೂ ತೊಂಬತ್ತಮೂರು ಎಂದೇ ಕೆತ್ತಿದ್ದರು. ಪಿಂಚಣಿ ಅಧಿಕಾರಿ ಪಕ್ಕದ ಬೀದಿಯಲ್ಲೇ ವಾಸವಾಗಿದ್ದಾಗ ಇನ್ನೇನು ಕೆತ್ತಲು ಸಾಧ್ಯವಿತ್ತು ಎಂದು ಅವಳಿಗೆ ಹೊಳೆದಿರಲಿಲ್ಲ.

ಸಭೆ ಚರ್ಚಿನ ಪಕ್ಕದ ಹಜಾರದಲ್ಲಿ ಸೇರಿತು. ಸಭೆ ಎಂದರೆ ಪಟ್ಟಣದಿಂದ ಬಂದು ಆರು ತಿಂಗಳಾಗಿದ್ದ ಎಳೆಯ ಪಾದ್ರಿ ಫಾದರ್ ಡಿನೀನ್, ಗೋರಿ ತೋಡುವ ಮಾಸಿ ಎಂಬಾತ, ಒಂದು ಕೆಟಲ್ ಚಹಾ, ಮತ್ತು ಮೇಜಿನ ಎರಡು ತುದಿಯಲ್ಲಿ ಎಣ್ಣೆ ಸೀಗೆಕಾಯಿಯಂತೆ ಇಬ್ಬರು ಕೋಕ್ಲಿಗಳು.

"ಫಾದರ್, ಆ ತುದೀಲಿ ಕೂತಿರೋ ಮನುಷ್ಯನಿಗೆ ಹೇಳಿ," ಎಂದು ಡಿಂಪ್ನಾ ಅರ್ಜಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. "ಇದು ನಮ್ಮಜ್ಜನ ಪ್ರಮಾಣ. ದೊಡ್ಡ ಗಾಳಿ ಬಂದಾಗ ನನ್ನ ಕೈಯಾರೆ ಆಲೂಗೆಡ್ಡೆ ತಿನ್ನುವಷ್ಟು ದೊಡ್ಡವನಾಗಿದ್ದೆ ಅಂತ ಹೇಳಿದಾರೆ. ಅಂದ್ರೆ ಮೂವತ್ತೆಂಟರಲ್ಲಿ ಹುಟ್ಟಿದ್ದು. ಹಿರಿಯರು ಯಾರು ಅಂತ ಇನ್ನೂ ಅನುಮಾನ ಇದೆಯಾ ಕೇಳಿ."

ಫಿನ್‌ಬಾರ್ ಚಹಾ ಹೀರಿದ. ಅವನ ಮುಖದಲ್ಲಿ ಬೆಕ್ಕಿಗೆ ಹಾಲಿನ ಪಾತ್ರೆ ಸಿಕ್ಕಿದ ಕಳೆ. ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದ.

"ಫಾದರ್, ಆ ಹೆಂಗಸಿಗೆ ಹೇಳಿ. ಮದುವೆ ಪುಸ್ತಕಾನ ಇಲಿ ತಿಂದಿಲ್ಲ. ಬೆಣ್ಣೆ ಬ್ಯಾಟ್ ಮದುವೆ ಆಗಿದ್ದು ನಲವತ್ತೆಂಟರಲ್ಲಿ. ಅವಳಜ್ಜ ಮೂವತ್ತೆಂಟರಲ್ಲಿ ಹುಟ್ಟಿದ್ರೆ, ಅಪ್ಪ ಅಮ್ಮನ ಮದುವೇಲಿ ಹತ್ತು ವರ್ಷದ ಹುಡುಗ ಆಗಿ ಹೂವು ಹಿಡ್ಕೊಂಡು ನಿಂತಿದ್ದ ಅಂತ ಕಾಣುತ್ತೆ."

ಮಾಸಿ ಚಹಾದಲ್ಲಿ ಕೆಮ್ಮಿದ.

"ಧರ್ಮಸಮ್ಮತ ಮದುವೆಯಿಂದ ಹುಟ್ಟಿದ ಮಕ್ಕಳಿಗೆ ಮಾತ್ರ ಜಾಗ," ಎಂದು ಫಿನ್‌ಬಾರ್ ಮುಂದುವರಿಸಿದ. "ಈಗ ಅಜ್ಜನನ್ನೂ ಅಗೆದು ಹೊರಗೆ ಹಾಕಬೇಕೋ ಏನೋ. ನಾನಂತೂ ಒತ್ತಾಯ ಮಾಡಲ್ಲ."

ಡಿಂಪ್ನಾಳ ಕಿವಿ ಕೆಂಪಾಯಿತು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು, ಅದೂ ಗೋರಿ ತೋಡುವವನ ಎದುರಿಗೇ. ಅಜ್ಜ ಹಾದರಕ್ಕೆ ಹುಟ್ಟಿದವನು ಎನ್ನಬೇಕು, ಇಲ್ಲ ಅಜ್ಜ ಸುಳ್ಳುಗಾರ ಎನ್ನಬೇಕು. ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಕೆಸರಿನ ಕೊನೆಯ ಸಾಲು ಅವಳ ಕಣ್ಣ ಮುಂದೆ ಬಂತು. ಬ್ರೀಡಾ ಟೀಚರ್ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಿದ್ದಳು.

ಅರ್ಜಿಗೆ ಹಿಂಬದಿಯೂ ಇತ್ತು. ಅದನ್ನು ಡಿಂಪ್ನಾ ಹಿಂದಿನ ದಿನವೇ ಓದಿದ್ದಳು. ಓದಿ, ಅದು ತನ್ನ ವಾದಕ್ಕೆ ಒಪ್ಪುವುದಿಲ್ಲವೆಂದು ಹಾಳೆಯನ್ನು ಅಂಗಾತ ಮಲಗಿಸಿಟ್ಟಿದ್ದಳು. ಈಗ ಹಲ್ಲುಕಚ್ಚಿ ಅದನ್ನು ಮಗುಚಿದಳು.

"ಸಾಕ್ಷಿ ಹೇಳಿಕೆ ಓದಿ, ಫಾದರ್. ಜೋರಾಗಿ ಓದಿ."

ಫಾದರ್ ಡಿನೀನ್ ಕನ್ನಡಕ ಸರಿಪಡಿಸಿಕೊಂಡರು. "ಸಾಕ್ಷಿ ಜೆರಮಯ ಕೋಕ್ಲಿ, ಅರ್ಜಿದಾರನ ಸಹೋದರ. ಮೇಲಿನದು ನಿಜ. ಆ ದಿನ ಆಲೂಗೆಡ್ಡೆಯ ಸಿಪ್ಪೆ ಬಿಡಿಸಿ ಅವನ ಕೈಗೆ ಕೊಟ್ಟವನು ನಾನೇ."

ಈ ಸಲ ಫಿನ್‌ಬಾರ್‌ನ ಚಹಾ ಗಂಟಲಿಗೆ ಸಿಕ್ಕಿಕೊಂಡಿತು.

"ಹಾಗಾದ್ರೆ ಜೆರಮಯ ಅಣ್ಣ ಆಗಬೇಕಾಯ್ತು," ಎಂದ ಮಾಸಿ, ಬೆರಳು ಮಡಿಸುತ್ತಾ. "ಅವನು ಮೂವತ್ತೈದರಲ್ಲಾದ್ರೂ ಹುಟ್ಟಿರಬೇಕು. ಮದುವೇಲಿ ಹೂವು ಹಿಡ್ಕೊಂಡಿದ್ದು ಒಬ್ಬನಲ್ಲ, ಇಬ್ಬರು."

"ಇವನಜ್ಜನಿಗಿಂತ ನಮ್ಮಜ್ಜ ದೊಡ್ಡವರು ಅಂತ ಊರಿಗೇ ಗೊತ್ತು," ಎಂದಳು ಡಿಂಪ್ನಾ. "ಆದ್ರೆ ಈ ಕಾಗದ ನಿಜ ಅಂದ್ರೆ ಇಬ್ಬರೂ ಮದುವೆಗೆ ಮುಂಚಿನವರು. ನಾನು ಹೊಸ ಸ್ಮಶಾನಕ್ಕೆ ಹೋದ್ರೆ ಇವನೂ ನನ್ನ ಪಕ್ಕಕ್ಕೇ ಬರ್ತಾನೆ. ಈಗ ಅವನೇ ಹೇಳಲಿ, ಕಾಗದ ನಿಜಾನೋ ಸುಳ್ಳೋ."

ಫಿನ್‌ಬಾರ್ ಚಾವಣಿ ನೋಡಿದ, ಮಾಸಿಯನ್ನು ನೋಡಿದ, ಕೊನೆಗೆ ಇಪ್ಪತ್ತೆಂಟು ವರ್ಷಗಳ ಮೇಲೆ ಮೊದಲ ಸಲ ನೇರವಾಗಿ ಡಿಂಪ್ನಾಳನ್ನು ನೋಡಿದ.

"ಸುಳ್ಳು," ಎಂದ. "ನಮ್ಮಜ್ಜ ಶುದ್ಧ ಸುಳ್ಳುಗಾರ."

"ನಮ್ಮಜ್ಜ ಅವರಿಗಿಂತ ದೊಡ್ಡ ಸುಳ್ಳುಗಾರ," ಎಂದಳು ಡಿಂಪ್ನಾ. ಹೇಳಿದ ಮೇಲೆ ಎದೆ ಎಷ್ಟು ಹಗುರಾಯಿತೆಂದರೆ ಅವಳಿಗೇ ಆಶ್ಚರ್ಯ. "ಮದುವೆ ಲೆಕ್ಕ ಹಿಡಿದ್ರೆ ಅರವತ್ತಕ್ಕೇ ಎಪ್ಪತ್ತು ಅಂದ್ರು! ಅದಕ್ಕೇ ಮರ ಹತ್ತುತಾ ಇದ್ರು!"

"ಹತ್ತು ವರ್ಷ ಇಂಗ್ಲೆಂಡಿನ ರಾಜನ ಖಜಾನೆ ತಿಂದ್ರಲ್ಲ ಅಣ್ಣ ತಮ್ಮ ಸೇರಿ," ಎಂದು ಮಾಸಿ ಟೋಪಿ ತೆಗೆದು ಎದೆಗೆ ಹಿಡಿದ. "ದೇವರು ಅವರ ಆತ್ಮಕ್ಕೆ ಒಳ್ಳೇದು ಮಾಡಲಿ."

ಫಾದರ್ ಡಿನೀನ್ ಪ್ರಮಾಣದ ಪಾವಿತ್ರ್ಯದ ಬಗ್ಗೆ ಎರಡು ಮಾತು ಹೇಳಲು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಹಾಳೆಯ ತುದಿಯಲ್ಲಿ ಇನ್ನೊಂದು ಸಹಿ ಕಂಡಿತು. ಈ ಇಬ್ಬರೂ ದೊಡ್ಡ ಗಾಳಿಯ ಬಗ್ಗೆ ಹೇಳಿದ್ದು ಸತ್ಯ, ನಾನೇ ಕಣ್ಣಾರೆ ಕಂಡಿದ್ದೇನೆ ಎಂದು ಆಗಿನ ಪಾದ್ರಿಯೇ ಬರೆದಿದ್ದರು. ಆ ಪಾದ್ರಿಯ ಹುಟ್ಟಿದ ವರ್ಷ ಅದೇ ಹಜಾರದ ಗೋಡೆಯ ಚಿತ್ರದ ಕೆಳಗಿತ್ತು: ಸಾವಿರದ ಎಂಟುನೂರ ಅರವತ್ತೊಂದು. ಫಾದರ್ ಡಿನೀನ್ ಹಾಳೆಯನ್ನು ಮೆಲ್ಲಗೆ ಮಡಿಸಿ, "ಇದನ್ನ ಡಬ್ಬದಲ್ಲೇ ಇಟ್ಕೊಳ್ಳಿ, ಮಿಸ್ ಕೋಕ್ಲಿ. ಬೇರೆ ಕಡೆ ತೋರಿಸೋದು ಬೇಡ," ಎಂದರು.

"ಇಬ್ಬರಿಗೂ ಹಕ್ಕಿದೆ, ಹಿರಿಯ ಯಾರು ಅನ್ನೋದಕ್ಕೆ ಪುರಾವೆ ಇಲ್ಲ, ಜಾಗ ಒಂದೇ," ಎಂದು ಅವರು ತಲೆ ಕೆರೆದುಕೊಂಡಾಗ ಮಾಸಿ ಬಾಯಿಬಿಟ್ಟ.

"ಎರಡು ಹಿಡಿಸುತ್ತೆ ಫಾದರ್. ಹೋದ ತಿಂಗಳು ಕಬ್ಬಿಣದ ಸಲಾಕೆ ಇಳಿಸಿ ನೋಡಿದೆ. ಕೆಳಗಿನವರೆಲ್ಲ ತಗ್ಗಿದಾರೆ. ಒಬ್ಬರ ಮೇಲೆ ಒಬ್ಬರು. ಮೊದಲು ಹೋದವರು ಕೆಳಗೆ."

"ಎರಡು ತಿಂಗಳಿಂದ ನಾನು ಡಬ್ಲಿನ್‌ಗೆ ಕಾಗದ ಬರೀತಾ ಇದ್ದೀನಿ!" ಎಂದು ಡಿಂಪ್ನಾ ಕಿರುಚಿದಳು. "ಮೊದಲೇ ಹೇಳೋಕೆ ಏನಾಗಿತ್ತು?"

"ಗೋರಿ ತೋಡೋನನ್ನ ಯಾರಮ್ಮ ಕೇಳ್ತಾರೆ?" ಎಂದ ಮಾಸಿ.

ಸಭೆ ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದು ಹೊರಟವರು ಅದೇ ದಿಬ್ಬದ ಮೇಲೆ ಎದುರುಬದುರಾದರು. ಗಾಳಿ ಬೀಸುತ್ತಿತ್ತು. ತೊಂಬತ್ತಮೂರು ಎಂಬ ಕಲ್ಲಿನ ಸುಳ್ಳು ಬಿಸಿಲಿಗೆ ಹೊಳೆಯುತ್ತಿತ್ತು.

"ಅವತ್ತು ಮಾಲಕಿ ಕುಡಿದಿದ್ದ," ಎಂದ ಫಿನ್‌ಬಾರ್, ಸಮುದ್ರ ನೋಡುತ್ತಾ. "ಮೊಣಕಾಲು ನಡುಗ್ತಾ ಇತ್ತು. ಇನ್ನೆರಡು ಹೆಜ್ಜೆ ಇಟ್ಟಿದ್ರೆ ನಿಮ್ಮಮ್ಮನ್ನ ಕೆಳಗೆ ಹಾಕ್ತಿದ್ದ. ಅದಕ್ಕೇ ನುಗ್ಗಿದೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀನು ಅವನನ್ನ ಅಷ್ಟು ಹೊಗಳ್ತಾ ಇದ್ದೆ."

ಡಿಂಪ್ನಾಳಿಗೆ ಅಳು ಬಂತು. ಅದು ತಮ್ಮನಿಗೋ, ಕಳೆದುಹೋದ ಇಪ್ಪತ್ತೆಂಟು ವರ್ಷಕ್ಕೋ ಅವಳಿಗೇ ತಿಳಿಯಲಿಲ್ಲ. ಗಾಳಿಯನ್ನು ಬೈದುಕೊಂಡು ಕಣ್ಣೊರೆಸಿಕೊಂಡಳು.

"ಮೊದಲು ಹೋದವರ ಪಕ್ಕ ಸಮಾಧಿ ಭಾನುವಾರ ನಿಲ್ಲೋಕೆ ಒಬ್ಬರು ಇರ್ತಾರೆ," ಎಂದ ಫಿನ್‌ಬಾರ್. "ಆಮೇಲೆ ಹೋದವರಿಗೆ ಯಾರೂ ಇಲ್ಲ."

ಅವನಿಗೂ ಅದೇ ಭಯವಿತ್ತೆಂದು ಅವಳಿಗೆ ಈಗ ಗೊತ್ತಾಯಿತು.

"ಹಾಗಾದ್ರೆ ನಾನೇ ಮೊದಲು ಹೋಗ್ತೀನಿ," ಎಂದ ಅವನು.

"ನೋಡು, ಮತ್ತೆ ಮುಂದೆ ನುಗ್ತೀಯ!" ಎಂದಳು ಡಿಂಪ್ನಾ. "ಬುದ್ಧಿ ಯಾವಾಗ ಬರುತ್ತೋ ನಿನಗೆ. ನಾನು ನಿನಗಿಂತ ಎರಡು ವರ್ಷ ದೊಡ್ಡೋಳು. ಮೊದಲು ಹೋಗೋ ಸರದಿ ನಂದು."

"ದೊಡ್ಡೋಳು ಅನ್ನೋದಕ್ಕೆ ಕಾಗದ ಇದೆಯಾ?" ಎಂದ ಫಿನ್‌ಬಾರ್.